ಸಣ್ಣ ತಂಗಿ ಬಂದಮ್ಯಾಲೆ ದೊಡ್ಡಾಂವ ಪೂರಾ ಬದಲಾಗ್ಯಾನ, ಏನ ಮಾಡ್ಲಿ ಹೇಳ್ರಿ

ಹುಬ್ಬಳ್ಳಿ_ಅವ್ವ:

ನಮಸ್ಕಾರ ರೀ ಎಲ್ಲಾರಿಗೂ. ಭಾಳ ದಿನದಿಂದ ಬರೀಬೇಕು ಅನ್ನಾಕತ್ತಿದ್ದೆ, ಇವತ್ತ ಇಬ್ಬರೂ ಕೂಡೇ ಮಲಗ್ಯಾರ ಅಂತ ಫೋನ್ ಹಿಡದ ಕುಂತೀನಿ. ದೊಡ್ಡಾಂವಗ ಮೂರೂವರಿ ವರ್ಷ, ಸಣ್ಣಾಕಿಗೆ ಈಗ ಐದು ತಿಂಗಳ ನಡದೈತಿ. ಡಿಲಿವರಿಗೆ ತವರಮನಿ ಗದಗಿಗೆ ಹೋಗಿದ್ದೆ, ಅವನ್ನೂ ಜೋಡಿಗೆ ಕರಕೊಂಡ ಹೋಗಿದ್ದೆ. ಅಲ್ಲಿ ಆಯಿ, ಮಾಮಾ, ಓಣಿ ಹುಡುಗುರು ಎಲ್ಲಾ ಇದ್ರು, ದಿನಾ ಯಾರರ ಒಬ್ಬರು ಎತ್ಕೊಂಡ ತಿರಗಸ್ತಿದ್ರು, ಹಿಂಗಾಗಿ ಏನೂ ಗೊತ್ತಾಗ್ಲಿಲ್ಲ. ಹೊಳ್ಳಿ ಹುಬ್ಬಳ್ಳಿಗೆ ಬಂದು ಎರಡು ಖೋಲಿ ಮನ್ಯಾಗ ನಾ ಒಬ್ಬಾಕಿ ಇಬ್ಬರನ್ನ ನೋಡ್ಕೊಳ್ಳಾಕ ನಿಂತಮ್ಯಾಲೆ ಚಾಲೂ ಆತು.

ಎಲ್ಲಾರೂ ನೋಡಾಕತ್ತಾರ ಅಂದ್ರ ತಂಗಿಗೆ ಮುದ್ದ ಕೊಡ್ತಾನ. ನಾ ಒಳಗ ರೊಟ್ಟಿ ಬಡಿಯಾಕ ಹೋದ್ನಿ ಅಂದ್ರ ಸುಮ್ನ ಹೋಗಿ ಆಕಿ ತೊಡಿಗೆ ಚೂಟ್ತಾನ, ಆಕಿ ಚಿಟ್ಟನ ಚೀರಿದ್ಲಂದ್ರ ತಾನ ಓಡಿ ಬಂದು "ಅವ್ವಾ, ತಂಗಿ ಅಳಾಕತ್ತಾಳ" ಅಂತ ಹೇಳ್ತಾನ. ಬಾಟಲಿ ಬಿಟ್ಟಿದ್ದ, ಈಗ ಮತ್ತ ಬಾಟಲಿ ಬೇಕಂತಾನ. ಹಾಸಿಗ್ಯಾಗ ಉಚ್ಚಿ ಹೊಯ್ಯೂದು ನಿಂತಿತ್ತು, ಅದೂ ಹೊಳ್ಳಿ ಬಂದೈತಿ. ಚಲೋತ್ನಂಗ ಮಾತಾಡಾಂವ ಕೂಸಿನಂಗ ತೊದಲತಾನ. ಇನ್ನ ಆಕಿಗೆ ಹಾಲ ಕುಡಸಾಕ ಕುಂತಾಗಂತೂ ಕೇಳಬ್ಯಾಡ್ರಿ, ಆವಾಗ ಅವಗ ನೀರು ಬೇಕು, ಸಂಡಾಸ ಬರ್ತೈತಿ, ಏನೂ ಇಲ್ಲಂದ್ರ ಡಬ್ಬ್ಯಾಗಿನ ಅಕ್ಕಿ ನೆಲಕ್ಕ ಸುರೀತಾನ.

ಮೊನ್ನೆ ಟ್ರಂಕಿನಾಗಿಂದ ಅವನ ಹಳೇ ಕುಂಚಗಿ ತಗದು ಕೂಸಿಗೆ ಹಾಕಿದ್ದೆ, ಅವನ ಆಯಿ ಹೊಲದದ್ದು, ಖಣದ ಅರಬಿ ಅಂಚ ಹಚ್ಚಿದ್ದು. ನೋಡಿದ್ದ ತಡ "ಇದು ನಂದು" ಅಂತ ಎಳಕೊಂಡ. ತಲಿಗೆ ಹಿಡಸವಲ್ದು, ಆದ್ರೂ ಹಣಿ ಮಟಾ ಜಗ್ಗಿ ಹಾಕ್ಕೊಂಡು ಮಧ್ಯಾಹ್ನ ಪೂರ್ತಿ ಹಂಗ ಕುಂತ, ಕಿವಿ ಕಡೆ ಬೆವರ ಇಳಿಯಾಕತ್ತಿತ್ತು, ತಗೀಲಿಲ್ಲ. ನಂಗ ಬೈಯಾಕೂ ಬಾಯಿ ಬರ್ಲಿಲ್ಲ ರೀ.

ಅತ್ತಿಯವರು "ಹಿರೇಮಗ ಅಂದ್ರ ತಿಳ್ಕೋಬೇಕು" ಅಂತಾರ. ಮಗ್ಗಲಮನಿ ಅಕ್ಕಾರು ಬಂದಾಗೊಮ್ಮೆ "ಇನ್ನ ಅವ್ವ ನಿನ್ನಾಕಿ ಅಲ್ಲ ನೋಡಪಾ, ತಂಗಿ ಪಾಲಾದ್ಲು" ಅಂತ ಚ್ಯಾಷ್ಟಿ ಮಾಡ್ತಾರ. ಅವಾ ನಗಂಗಿಲ್ಲ, ನನ್ನ ಮಾರಿ ನೋಡ್ತಾನ. ಮನೆಯವರು ಮುಂಜಾನೆ ಕೆಲಸಕ್ಕ ಹೋದ್ರ ರಾತ್ರಿನ ಬರೂದು. ಇದು ಎಷ್ಟ ದಿನ ಹಿಂಗ ಇರ್ತೈತಿ? ಚೂಟಿದಾಗ ಬಡೀಬೇಕೋ ಬಿಡಬೇಕೋ? ಎಲ್ಲಾಕ್ಕಿಂತ ದೊಡ್ಡ ಚಿಂತಿ ಅಂದ್ರ ಈಗಿಂದ್ಲೇ ಹಿಂಗ ಆದ್ರ ಮುಂದ ಇಬ್ಬರೂ ಚಲೋ ಇರ್ತಾರೇನು ಅನ್ನೂದು. ಅನುಭವ ಇದ್ದವರು ಹೇಳ್ರಿ.

ಗದಗ_ಅಂಗನವಾಡಿ_ಟೀಚರ್:

ಅವ್ವಾರ, ಮೊದಲ ಆ ಮಗ್ಗಲಮನಿ ಅಕ್ಕಾರ ಬಾಯಿ ಬಂದ್ ಮಾಡಸ್ರಿ. ಆ ಮಾತಿನ ಮ್ಯಾಲೆ ನಂಗ ಭಾಳ ಸಿಟ್ಟ ಐತಿ, ಯಾಕಂದ್ರ ವರ್ಷಾ ವರ್ಷಾ ನಮ್ಮ ಕೇಂದ್ರಕ್ಕ ಬರೋ ಹುಡುಗುರೊಳಗ ಇಂಥಾ ಮಾತ ಕೇಳಿ ಮುದುಡಿ ಹೋದವರನ್ನ ನೋಡೀನಿ. ಮೂರು ವರ್ಷದ ಹುಡುಗ್ಗ ಯಾವುದು ಚ್ಯಾಷ್ಟಿ ಯಾವುದು ಖರೇ ಅಂತ ಗೊತ್ತಾಗಂಗಿಲ್ಲ ರೀ. ದೊಡ್ಡವರು ನಕ್ಕೋತ ಹೇಳಿದ್ದನ್ನ ಅವಾ ರಾತ್ರಿ ಹಾಸಿಗ್ಯಾಗ ನೆನಸಿ ಹೆದರ್ತಾನ. ನಿಮ್ಮ ಮಾರಿ ನೋಡ್ತಾನ ಅಂದ್ರಲ್ಲ, ಅದು "ಹೌದೇನವಾ?" ಅಂತ ಕೇಳೂದು. ಆವಾಗ ಅವರ ಮುಂದ ಅವನ್ನ ಎಳಕೊಂಡು ತೊಡಿಮ್ಯಾಲೆ ಕುಂದ್ರಿಸಿ "ಅವ್ವ ಇಬ್ಬರಿಗೂ ಅವ್ವ, ಎಲ್ಲೂ ಹೋಗಂಗಿಲ್ಲ" ಅಂತ ಗಟ್ಟಿಯಾಗಿ ಹೇಳ್ರಿ. ಆಕಿ ಮುನಿಸ್ಕೊಂಡ್ರ ಮುನಿಸ್ಕೊಳ್ಳಲಿ, ಅದಕ್ಕ ನೀವು ಹೆದರಬ್ಯಾಡ್ರಿ.

ಎರಡನೇದು, ಕೂಸು ನೋಡಾಕ ಬರೋ ಮಂದಿ. ಬೀಗರು, ಬಳಗದವರು ಬರ್ತಾರ, ಕೂಸಿಗೆ ಅಂಗಿ, ಬೆಳ್ಳಿ ಕಡಗ ತರ್ತಾರ, ಎಲ್ಲಾರೂ ಸೀದಾ ತೊಟ್ಟಲ ಕಡೆ ಹೊಕ್ಕಾರ, ಈ ಹುಡುಗ ಬಾಗಲದಾಗ ನಿಂತಿರ್ತಾನ. ಮೊದಲ ಹಂಗ ಬಂದವರು ಇವನ್ನ ಎತ್ಕೊಂತಿದ್ರು! ಹಿಂಗಾಗಿ ಬರೂಕಿಂತ ಮೊದಲ ಫೋನ್ ಒಳಗ ಹೇಳಿಬಿಡ್ರಿ, "ಬಂದ ಕೂಡ್ಲೆ ದೊಡ್ಡಾಂವನ್ನ ಮಾತಾಡಸ್ರಿ, ಅವನ ಜೋಡಿ ತೊಟ್ಟಲ ಕಡೆ ಹೋಗ್ರಿ, ತಂಗಿನ್ನ ಅವನ ತೋರಸ್ಲಿ" ಅಂತ. ನಮ್ಮ ಓಣ್ಯಾಗ ಒಬ್ಬ ತಾಯಿಗೆ ಹಿಂಗ ಹೇಳಿದ್ದೆ, ಆಕಿ ದೊಡ್ಡ ಮಗಳು ಬಂದವರಿಗೆಲ್ಲಾ "ಸಾವಕಾಶ ಮುಟ್ರಿ, ನೆತ್ತಿ ಇನ್ನೂ ಮೆತ್ತಗೈತಿ" ಅಂತ ತಾನ ಹೇಳಾಕ ಹತ್ತಿದ್ಲು.

ಬಾಟಲಿ ಕೇಳಿದ್ರ ಕೊಟ್ಟುಬಿಡ್ರಿ, ನಾಕ ಗುಟಕ ಕುಡದು ತಾನ ಬ್ಯಾಸತ್ತು ಇಡ್ತಾನ. "ಇಷ್ಟ ದೊಡ್ಡಾಂವ ಆಗೀದಿ, ನಾಚಿಕಿ ಬರಂಗಿಲ್ಲೇನು" ಅನ್ನೂದು ಮಾತ್ರ ಬ್ಯಾಡ. ಕೂಸಿಗೆ ಎಣ್ಣಿ ಹಚ್ಚಿ ಎರಿಯೋ ಮುಂದ ಅವನ್ನೂ ಮಗ್ಗಲಕ್ಕ ಮಣಿ ಹಾಕಿ ಕುಂದ್ರಸ್ರಿ, ಅವನ ನೆತ್ತಿಗೂ ಒಂದಿಷ್ಟ ಎಣ್ಣಿ ಒತ್ರಿ, ಲೋಬಾನ ಹಾಕಿದ್ರ ಅವನ ಕಡೆನೂ ಒಂದ ಸಲ ತಿರವ್ಯಾಡ್ರಿ. ಕೂಸಿನ ಪಾಲು ತನಗೂ ಐತಿ ಅಂತ ಮೈಗೆ ತಿಳಿದ್ರ ಹುಡುಗುರು ಅರ್ಧ ಹಟ ಬಿಡ್ತಾರ.

ಮತ್ತ ಆ ಕುಂಚಗಿ. ಅದನ್ನ ಅವನ ಹಂತೇಕ ಬಿಡ್ರಿ. ಕೂಸಿಗೆ ಇನ್ನೊಂದ ಹೊಲಸಿದ್ರಾತು. ಒಂದಿನ ತಾನ ತಂದು ಹಾಕಿದ್ರ ಚಲೋ, ಹಾಕಲಿಲ್ಲಂದ್ರೂ ಏನೂ ಹೋಗಂಗಿಲ್ಲ.

ಧಾರವಾಡದಾಕಿ:

ಟೀಚರ್ ಹೇಳಿದ್ದಕ್ಕ ನಂದೂ ಒಪ್ಪಿಗಿ ಅದ. ನಾನು ಇಲ್ಲೇ ಕರ್ನಾಟಕ ವಿಶ್ವವಿದ್ಯಾಲಯದಾಗ ಸೈಕಾಲಜಿ ಓದೀನಿ, ಡಾಕ್ಟರ್ ಅಲ್ಲ, ಆದ್ರ ಈ ವಿಷಯದ ಮ್ಯಾಲೆ ಚಲೋ ಚಲೋ ಅಧ್ಯಯನ ಆಗ್ಯಾವ, ನಿಮ್ಮ ಪ್ರಶ್ನೆಕ್ಕ ನೇರ ಉತ್ತರ ಅವರಾಗ ಅದ ಅಂತ ಬರೀಲಿಕ್ಕತ್ತೀನಿ.

ಇಂಗ್ಲೆಂಡಿನ ಕೇಂಬ್ರಿಜ್ ಊರಾಗ ಜೂಡಿ ಡನ್, ಕ್ಯಾರಲ್ ಕೆಂಡ್ರಿಕ್ ಅನ್ನೋ ಇಬ್ಬರು 40 ಕುಟುಂಬಗಳನ್ನ ಎರಡನೇ ಕೂಸು ಹುಟ್ಟೋಕಿಂತ ಮೊದಲಿಂದ ಮನಿಗೇ ಹೋಗಿ ನೋಡಿದ್ರು, 1982ರಾಗ ಅದನ್ನ ಪ್ರಕಟ ಮಾಡಿದ್ರು. ಕೂಸು ಬಂದಮ್ಯಾಲೆ ತಾಯಿ ದೊಡ್ಡ ಮಗುವಿನ ಜೋಡಿ ಆಡೂದು, ಮಾತಾಡೂದು ಕಡಿಮಿ ಆಗ್ತದ, ಬೈಯೂದು, "ಬ್ಯಾಡ, ಬಿಡು" ಅನ್ನೂದು ಜಾಸ್ತಿ ಆಗ್ತದ ಅಂತ ಕಂಡ್ರು. ತಾಯಿ ಕೂಸಿನ ಜೋಡಿ ಇದ್ದಾಗನ ದೊಡ್ಡವರ ತುಂಟತನ ಏರ್ತಿತ್ತು. ಅಂದ್ರ ನೀವು ಹಾಲು ಕುಡಸೋ ಮುಂದ ಅಕ್ಕಿ ಸುರಿಯೋ ನಿಮ್ಮ ಮಗಾ ಏನೂ ಬ್ಯಾರೆ ಮಗಾ ಅಲ್ಲ, ಎಲ್ಲಾ ಊರಾಗೂ ಅವನಂಥವರು ಇದ್ದಾರ. ಬಾಟಲಿ, ಉಚ್ಚಿ, ತೊದಲೋದು ಎಲ್ಲಾ ಅದರಾಗ ಬಂತು. ಕೂಸಾದ್ರ ಅವ್ವ ಎತ್ಕೋತಾಳ ಅಂತ ಅವಾ ಕಣ್ಣಾರೆ ನೋಡ್ಲಿಕ್ಕತ್ತಾನ, ಹಿಂಗಾಗಿ ತಾನೂ ಕೂಸಾಗ್ತಾನ.

ಆ ಅಧ್ಯಯನದಾಗ ನಂಗ ಭಾಳ ಮುಖ್ಯ ಅನಸಿದ್ದು ಇನ್ನೊಂದ ಅದ. ಯಾವ ಮನ್ಯಾಗ ತಾಯಿ ಮೊದಲಿಂದ್ಲೇ ಕೂಸಿನ ಬಗ್ಗೆ "ಆಕೀಗೂ ಮನಸದ" ಅನ್ನೋಹಂಗ ದೊಡ್ಡ ಮಗುವಿನ ಜೋಡಿ ಮಾತಾಡ್ತಿದ್ಲೋ, ಅಂದ್ರ "ಯಾಕ ಅಳ್ಲಿಕ್ಕತ್ತಾಳ, ಹಸಿವಿ ಆಗೇದೇನು, ನಿಂಗೇನ ಅನಸ್ತದ?" ಅಂತ ಕೇಳ್ತಿದ್ಲೋ, ಆ ಮನಿ ಮಕ್ಕಳು ಕೂಸಿಗೆ 14 ತಿಂಗಳಾದಾಗ ಒಬ್ಬರಿಗೊಬ್ಬರು ಹೆಚ್ಚು ಹೊಂದಿಕೊಂಡಿದ್ರು. ಇದರಾಗ ರೊಕ್ಕ ಇಲ್ಲ, ಬ್ಯಾರೆ ಟೈಮ್ ಬೇಕಾಗಿಲ್ಲ, ಚಡ್ಡಿ ಬದಲಿಸೋ ಮುಂದ ಮಾತಾಡಿದ್ರಾತು. "ತಂಗಿನ್ನ ಪ್ರೀತಿ ಮಾಡ್ಬೇಕು" ಅಂತ ಉಪದೇಶ ಮಾಡೂದು ಬ್ಯಾರೆ, "ನೋಡು, ನಿನ್ನ ದನಿ ಕೇಳಿ ಕುತ್ತಿಗಿ ತಿರಗಿಸಿದ್ಲು" ಅಂತ ತೋರಸೂದು ಬ್ಯಾರೆ. ಎರಡನೇದ ಮಾಡ್ರಿ. ಐದು ತಿಂಗಳ ಕೂಸು ಈಗ ದೊಡ್ಡ ಹುಡುಗುರನ್ನ ನೋಡಿ ಕಿಲಿಕಿಲಿ ನಗ್ತದ. ಅದನ್ನ ಅವಗ ತೋರಿಸಿಕೊಡ್ರಿ. ತನ್ನ ಕೈಲೇ ನಗಿಸಲಿಕ್ಕೆ ಬರ್ತದ ಅಂತ ಗೊತ್ತಾದ್ರ ಅದು ಅವಗ ದೊಡ್ಡ ಶಕ್ತಿ.

ಎಷ್ಟ ದಿನ ಅಂತ ಕೇಳೀರಿ. ಅಮೆರಿಕಾದ ಮಿಶಿಗನ್ ವಿಶ್ವವಿದ್ಯಾಲಯದಾಗ ಬ್ರೆಂಡಾ ವಾಲಿಂಗ್ ಅವರ ತಂಡ 241 ಕುಟುಂಬಗಳನ್ನ ಬಸುರಿ ಇದ್ದಾಗಿಂದ ಕೂಸಿಗೆ ವರ್ಷ ತುಂಬೋ ಮಟಾ ನೋಡ್ತು. ಬಹಳಷ್ಟು ಮಕ್ಕಳು ಒಂದಿಷ್ಟ ತಿಂಗಳದಾಗ ಹೊಂದಿಕೊಂಡ್ರು, ಜೋರು ತೊಂದ್ರಿ ಉಳದದ್ದು ಕಡಿಮಿ ಮಂದಿಗೆ. ಹಿಂಗಾಗಿ ಮುಂದ ಏನಾಗ್ತದೋ ಅಂತ ಈಗಿಂದ ನಿದ್ದಿ ಕೆಡಸ್ಕೋಬ್ಯಾಡ್ರಿ.

ಚೂಟಿದಾಗ: ಮೊದಲ ಕೂಸಿನ್ನ ಎತ್ಕೋರಿ, ಅವನ ಕೈ ಮೆತ್ತಗ ಹಿಡೀರಿ, "ಚೂಟಿದ್ರ ನೋವಾಗ್ತದ, ನಾ ಚೂಟಲಿಕ್ಕೆ ಬಿಡಂಗಿಲ್ಲ" ಅಂತ ಸಣ್ಣ ಮಾತಿನಾಗ ಮುಗಸ್ರಿ. ಅವತ್ತ ಉದ್ದ ಭಾಷಣ ಮಾಡಿದ್ರ, ಚೂಟಿದ್ರ ಅವ್ವ ಹತ್ತು ನಿಮಿಷ ನನ್ನ ಜೋಡಿ ಕೂಡ್ತಾಳ ಅಂತ ಅವಾ ಕಲೀತಾನ. ಸಿಟ್ಟ ಬರೂದು ತಪ್ಪಲ್ಲ, ಚೂಟೂದು ತಪ್ಪು. "ತಂಗಿ ಮ್ಯಾಲೆ ಸಿಟ್ಟ ಬಂದದೇನು? ಬಂದ್ರ ನಂಗ ಬಂದು ಹೇಳು" ಅಂತ ಆಮ್ಯಾಲೆ ಸಾವಕಾಶ ಹೇಳ್ರಿ. ಆದ್ರ ಇಬ್ಬರನ್ನೇ ಖೋಲಿಯೊಳಗ ಬಿಟ್ಟು ಹೋಗಬ್ಯಾಡ್ರಿ, ರೊಟ್ಟಿ ಬಡಿಯೋ ಮುಂದ ಒಬ್ಬರನ್ನ ಅಡಿಗಿಮನಿಗೆ ಕರಕೊಂಡ ಹೋಗ್ರಿ, ಅವಗ ಒಂದ ಹಿಟ್ಟಿನ ಉಂಡಿ ಕೊಟ್ರ ಅಲ್ಲೇ ಕುಂತು ಬಡೀತಾನ. ಮೂರೂವರಿ ವರ್ಷದಾಂವಗ ತನ್ನ ಕೈ ಹಿಡಿತ ಇನ್ನೂ ಬಂದಿರಂಗಿಲ್ಲ, ಅವನ ಮ್ಯಾಲೆ ನಂಬಿಕಿ ಇಲ್ಲ ಅಂತಲ್ಲ.

ಹಳೇ_ಹುಬ್ಬಳ್ಳಿ_ಕಾಕಾ:

ಇಷ್ಟೆಲ್ಲಾ ಯಾಕ ಬೇಕವ್ವಾ. ನಾವು ಅಣ್ಣತಮ್ಮರು ಅಕ್ಕತಂಗೇರು ಏಳು ಮಂದಿ, ನಮ್ಮವ್ವ ಯಾರ ಮನಸೂ ಕೇಳ್ತಿದ್ದಿಲ್ಲ, ತಪ್ಪ ಮಾಡಿದವಗ ಎರಡ ಬಿಡ್ತಿದ್ಲು, ಮುಗೀತು. ಇವತ್ತಿಗೂ ಏಳೂ ಮಂದಿ ಒಂದ ಆಗಿ ಇದ್ದೀವಿ, ಯುಗಾದಿಗೆ ಎಲ್ಲಾರೂ ಹಿರೇ ಮನ್ಯಾಗ ಕೂಡ್ತೀವಿ. ಇದು ಸಣ್ಣ ವಿಷಯ, ಮನಸಿಗೆ ಹಚ್ಕೋಬ್ಯಾಡ. ಎರಡ ಕೊಡು, ಸರಿ ಹೋಗ್ತಾನ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ.

ಬೆಟಗೇರಿ_ಅಪ್ಪ:

ಕಾಕಾರ, ನೀವು ಹಿರಿಯರು, ನಿಮ್ಮ ಮನಿ ಒಂದ ಆಗಿ ಉಳದದ್ದು ಕೇಳಿ ಖುಷಿ ಆತು. ಆದ್ರ ಅದು ಹೊಡತದಿಂದ ಉಳೀತು ಅಂತ ನಂಗ ಅನಸಂಗಿಲ್ಲ ರೀ. ಆವಾಗ ಮನ್ಯಾಗ ದೊಡ್ಡವ್ವ, ಚಿಗವ್ವ, ಆಯಿ, ಮದವಿ ಆಗದ ಅತ್ತಿ, ಎಷ್ಟ ಮಂದಿ ಇದ್ರು! ಅವ್ವ ಬಾಣಂತಿ ಖೋಲ್ಯಾಗ ಇದ್ರ ದೊಡ್ಡ ಹುಡುಗ ಇನ್ನೊಬ್ಬರ ಮಡ್ಲಾಗ ಮಲಗ್ತಿದ್ದ. ಈ ತಂಗಿ ಮನ್ಯಾಗ ಎರಡ ಖೋಲಿ, ಒಂದ ಮಡ್ಲ. ಕುಂತ ಸೀಟಿನಿಂದ ಎಬ್ಬಿಸಿದಂಗ ಆಗೇತಿ ಆ ಹುಡುಗ್ಗ, ಎಬ್ಬಿಸಿದಮ್ಯಾಲೆ ಎರಡ ಬಡದ್ರ ಅವಗ ಇನ್ನೇನ ತಿಳೀತೈತಿ? ತಂಗಿ ಬಂದ ಮ್ಯಾಲೆ ಹೊಡತ ಬಂತು ಅಂತ ತಿಳೀತೈತಿ. ನಾಳೆ ಅದ ಹೊಡತ ಆಕಿಗೆ ಹೋಗ್ತೈತಿ, ನಾವು ಇಲ್ಲದಾಗ.

ತಂಗಿ, ನಿನ್ನ ಮನೆಯವರಿಗೆ ಇದನ್ನ ಓದಾಕ ಕೊಡು. ಇದು ಅಪ್ಪಂದಿರ ಕೆಲಸ. ಕೂಸಿಗೆ ಹಾಲ ಕುಡಸಾಕ ಆಗಂಗಿಲ್ಲ ನಮಗ, ದೊಡ್ಡಾಂವನ್ನ ಹೊರಗ ಕರಕೊಂಡ ಹೋಗಾಕ ಬರ್ತೈತಲ್ಲ! ನಮ್ಮ ಸಣ್ಣಾಂವ ಹುಟ್ಟಿದಾಗ ನಾನು ದೊಡ್ಡ ಮಗಳನ್ನ ವಾರಕ್ಕೊಮ್ಮೆ ಬಿಂಕದಕಟ್ಟಿ ಝೂಗೆ ಕರಕೊಂಡ ಹೋಗ್ತಿದ್ದೆ, ಆಕಿಗೆ ಅಲ್ಲಿ ಏನ ನೋಡಬೇಕಂದ್ರ ಅದನ್ನ, ಎಷ್ಟ ಹೊತ್ತ ನಿಲ್ಲಬೇಕಂದ್ರ ಅಷ್ಟ ಹೊತ್ತು. ತಮ್ಮನ ಸುದ್ದಿ ನಾ ತಗೀತಿದ್ದಿಲ್ಲ. ಹೊಳ್ಳಿ ಬರೋ ಮುಂದ ಆಕೀನ "ತಮ್ಮಗ ನವಿಲಿನ ಸುದ್ದಿ ಹೇಳ್ಬೇಕು" ಅಂತಿದ್ಲು. ನೀವು ಹುಬ್ಬಳ್ಳ್ಯಾಗ ಇದ್ದೀರಿ, ಚಿಗರಿ ಬಸ್ ಐತಿ, ಕಿಡಕಿ ಸೀಟ್ ಹಿಡದು ಧಾರವಾಡ ಮಟಾ ಹೋಗಿ ಅಲ್ಲಿ ಇಬ್ಬರೂ ಪೇಡೆ ತಿಂದು ಹೊಳ್ಳಿ ಬಂದ್ರ ಆ ವಯಸ್ಸಿನ ಹುಡುಗ್ಗ ಅದಕ್ಕಿಂತ ದೊಡ್ಡ ಜಾತ್ರಿ ಬ್ಯಾಡ. ಉಣಕಲ್ ಕೆರಿ ಗಾರ್ಡನ್ ಆದ್ರೂ ಸಾಕು. ಆವಾಗ ಮನ್ಯಾಗ ನಿನಗೂ ಒಂದ ಗಳಿಗಿ ಉಸರ ಬಿಡಾಕ ಆಗ್ತೈತಿ.

ಇನ್ನೊಂದ ಮಾತು. ದಿನಾ ಕೂಸು ಮಲಗಿದಾಗ ಹದಿನೈದು ನಿಮಿಷ ಅವನ ಜೋಡಿ ಕೂಡು, ಭಾಂಡಿ ಆಮ್ಯಾಲೆ ತಿಕ್ಕಿದ್ರಾತು. ಕೂಸು ಎದ್ದು ಅತ್ರ ಒಮ್ಮೊಮ್ಮೆ ಅವಗ ಕೇಳೋಹಂಗ ಕೂಸಿಗೆ ಹೇಳು, "ತಡಿಯವಾ, ಅಣ್ಣನ ಆಟ ಮುಗೀಲಿ" ಅಂತ. ದಿನಾ ಅವನ ತಡೀತಾನ, ಒಂದ ಸಲ ಆಕಿ ತಡದದ್ದನ್ನ ಅವಾ ನೋಡ್ಲಿ.

ಬ್ಯಾಡಗಿ_ಕಡೇಕಿ:

ಎಲ್ಲಾರೂ ಅವ್ವ ಅಪ್ಪ ಆಗಿ ಬರದೀರಿ, ನಾನು ಹಿರೇಮಗಳಾಗಿ ಬರೀತೀನಿ. ನಮ್ಮೂರು ಬ್ಯಾಡಗಿ ಕಡೆ ಹಳ್ಳಿ. ತಮ್ಮ ಹುಟ್ಟಿದಾಗ ನಂಗ ಐದು ವರ್ಷ. ನಮ್ಮ ಕಡೆ ಹೆಣ್ಣಹುಡುಗಿ ಹಿರೇಕಿ ಅಂದ್ರ ಸೊಂಟದ ಮ್ಯಾಲೆ ತಮ್ಮನ್ನ ಹೊತ್ಕೊಂಡ ತಿರಗೂದ ಕೆಲಸ, ಅವ್ವ ಅಪ್ಪ ಮೆಣಸಿನಕಾಯಿ ಹರಿಯಾಕ ಹೊಲಕ್ಕ ಹೋದ್ರ ಸಂಜಿಮಟಾ ಅವನ ಜವಾಬ್ದಾರಿ ನಂದು. ಅವಾ ಬಿದ್ರ ಏಟು ನಂಗ. ಅವಗ ಗಿಂಡಿ ತುಂಬ ಹಾಲು, ನಂಗ ಚಹಾ. ಇದಕ್ಕ ಹೊಟ್ಟಿಕಿಚ್ಚು ಅಂತ ಹೆಸರ ಇಟ್ರು. ನಾ ಇವತ್ತಿಗೂ ಹೇಳ್ತೀನಿ, ಅದು ಹೊಟ್ಟಿಕಿಚ್ಚಲ್ಲ, ನ್ಯಾಯ ಕೇಳೂದು. ಸಣ್ಣ ಹುಡುಗಿಗೆ ನ್ಯಾಯ ಅನ್ನೋ ಮಾತ ಗೊತ್ತಿರಲಿಲ್ಲ ಅಷ್ಟ, ಲೆಕ್ಕ ಗೊತ್ತಿತ್ತು. ಯಾರ ತಾಟಿನ್ಯಾಗ ಎಷ್ಟ ತುಪ್ಪ ಬಿತ್ತು ಅನ್ನೂದನ್ನ ಮಕ್ಕಳು ಎಲ್ಲಾರಕಿಂತ ಚಂದ ನೋಡ್ತಾರ.

ಹಿಂಗಾಗಿ ತಾಯಂದಿರಿಗೆ ನನ್ನ ಕಳಕಳಿ ಏನಂದ್ರ, ಹಿರೇ ಹುಡುಗುರಿಗೆ ಕೂಸಿನ ಕೆಲಸ ಹಚ್ಚೋಕಿಂತ ಮೊದಲ ಕೇಳ್ರಿ. ಚಡ್ಡಿ ತಂದುಕೊಡ್ತೀಯೇನು ಅಂದಾಗ "ಊಹೂಂ" ಅಂದ್ರ ಬಿಟ್ಟುಬಿಡ್ರಿ. "ನೀ ದೊಡ್ಡಾಂವ, ನೀ ಬಿಟ್ಟುಕೊಡು" ಅನ್ನೂದನ್ನ ದಿನಾ ಹೇಳಬ್ಯಾಡ್ರಿ. ಮೂರೂವರಿ ವರ್ಷದಾಂವ ದೊಡ್ಡಾಂವ ಹೆಂಗಾದಾನು? ಆರು ತಿಂಗಳ ಹಿಂದ ಅವನ ಕೂಸು ಆಗಿದ್ದ.

ತಮ್ಮನ ಜೋಡಿ ಏನಾತು ಅಂದ್ರ, ನಾನು ಪಿಯುಸಿಗೆ ಹಾವೇರಿ ಹಾಸ್ಟೆಲ್ಲಿಗೆ ಹೋದೆ. ಅವನ ಭಾರ ನನ್ನ ಸೊಂಟದ ಮ್ಯಾಲಿಂದ ಇಳೀತು, ಆವಾಗ ಮೊದಲನೇ ಸಲ ಅವನ್ನ ಬರೇ ತಮ್ಮ ಅಂತ ನೋಡಿದೆ. ಸುಟಿಗೆ ಬಂದಾಗ ಅವಾ ತನ್ನ ಲೆಕ್ಕದ ನೋಟ್‌ಬುಕ್ ಹಿಡ್ಕೊಂಡು ಬಸ್ ಸ್ಟ್ಯಾಂಡಿಗೆ ಬಂದು ನಿಂತಿರ್ತಿದ್ದ. ಈಗ ಅವನ ಹೆಂಡ್ತಿ ಬಸುರಿ, "ಅಕ್ಕಾ, ಎರಡನೇದು ಆದ್ರ ದೊಡ್ಡದಕ್ಕ ಅನ್ಯಾಯ ಆಗಬಾರ್ದು" ಅಂತ ಈಗಿಂದ ಹೇಳ್ತಾನ, ಮೊದಲನೇದ ಇನ್ನೂ ಹುಟ್ಟಿಲ್ಲ. ಅವಾ ಎಲ್ಲಾ ನೋಡಿದ್ದ ಅಂತ ನಂಗ ಆವತ್ತ ಗೊತ್ತಾತು.

ರಾಣೇಬೆನ್ನೂರ_ದವರು:

ನಡುವ ಬಾಯಿ ಹಾಕ್ತೀನಿ ಕ್ಷಮಿಸ್ರಿ. ನಮ್ಮವು ಎರಡೂ ಗಂಡಹುಡುಗುರು, ಎಂಟು ಮತ್ತ ಆರು ವರ್ಷ. ಹೊಟ್ಟಿಕಿಚ್ಚು ಈ ವಯಸ್ಸಿಗೂ ಹೋಗಿಲ್ಲ, ಬರೇ ರೂಪ ಬದಲಾಗೇತಿ. ಮೊಬೈಲ್ ಯಾರ ಕೈಯಾಗ, ಸೈಕಲ್ ಯಾರ ಪಾಲಿಗೆ, ಅಪ್ಪನ ಗಾಡಿ ಮುಂದ ಯಾರ ಕೂಡಬೇಕು, ದಿನಾ ಕುಸ್ತಿ. ನಾ ಹೋಗಿ ನ್ಯಾಯ ಮಾಡಿದ್ರ ಸೋತಾಂವ ಅಳ್ತಾನ, ಬಿಟ್ರ ಸಣ್ಣಾಂವಗ ಏಟು ಬೀಳ್ತಾವ. ಧಾರವಾಡದ ಮೇಡಂ, ಇದಕ್ಕೂ ಏನರ ಐತೇನ್ರಿ?

ಧಾರವಾಡದಾಕಿ:

ಅದ ರೀ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಾಗ ಹಿಲ್ಡಿ ರಾಸ್ ಅಂತ ಇದ್ರು, ಅಣ್ಣತಮ್ಮರ ಜಗಳದ ಮ್ಯಾಲೆ ಭಾಳ ವರ್ಷ ಕೆಲಸ ಮಾಡಿದಾರ. ಜೂಲಿ ಸ್ಮಿತ್ ಜೋಡಿ 2007ರಾಗ ಪ್ರಕಟ ಮಾಡಿದ ಒಂದು ಅಧ್ಯಯನದಾಗ ಒಂದಿಷ್ಟ ಅಪ್ಪ ಅವ್ವಂದಿರಿಗೆ ತೀರ್ಪು ಕೊಡೂದನ್ನ ಬಿಟ್ಟು ನಡುವ ಕುಂತು ಮಾತಾಡಿಸೂದನ್ನ ಕಲಿಸಿದ್ರು. ಅಂಥಾ ಮನಿ ಮಕ್ಕಳು ತಾವ ಕುಂತು ಬಗೆಹರಿಸ್ಕೊಳ್ಳೂದು ಹೆಚ್ಚಾತು, ಒಬ್ಬರ ಮನಸು ಇನ್ನೊಬ್ಬರಿಗೆ ಹೆಚ್ಚು ತಿಳೀಲಿಕ್ಕೆ ಹತ್ತಿತು.

ಮಾಡೂದು ಹೆಂಗಂದ್ರ, ಮೊದಲ ಮೊಬೈಲ್ ನಿಮ್ಮ ಕೈಯಾಗ ಇಸ್ಕೋರಿ, ಬಡದಾಡಂಗಿಲ್ಲ, ಒಬ್ಬರು ಮಾತಾಡೋ ಮುಂದ ಇನ್ನೊಬ್ಬರು ನಡುವ ಬಾಯಿ ಹಾಕಂಗಿಲ್ಲ ಅಂತ ಹೇಳ್ರಿ. ಒಬ್ಬೊಬ್ಬನ್ನ ಏನಾತು ಅಂತ ಕೇಳ್ರಿ. ಆಮ್ಯಾಲೆ ದೊಡ್ಡಾಂವಗ "ತಮ್ಮಗ ಯಾಕ ಸಿಟ್ಟ ಬಂತು ಹೇಳು ನೋಡೋಣ" ಅಂತ, ಸಣ್ಣಾಂವಗ "ಅಣ್ಣಗ ಯಾಕ ಸಿಟ್ಟ ಬಂತು" ಅಂತ. ಇಲ್ಲೇ ಹೊತ್ತು ಹಿಡೀತದ, ಅವಸರ ಮಾಡಬ್ಯಾಡ್ರಿ. ಕಡೀಕ "ಈಗ ಏನ ಮಾಡೋಣ, ನೀವ ಹೇಳ್ರಿ" ಅಂತ ಅವರಿಗೇ ಬಿಡ್ರಿ. ಅವರು ಹೇಳೋ ಪರಿಹಾರ ನಿಮಗ ವಿಚಿತ್ರ ಅನಸಬಹುದು, ಇಬ್ಬರೂ ಒಪ್ಪಿದ್ರ ನಡೀಲಿ ಬಿಡ್ರಿ. ಏಟು ಬೀಳ್ತಾವ ಅನ್ನೋ ಹೊತ್ತಿಗೆ ಮಾತ್ರ ಕಾಯ್ಕೋತ ಕೂಡಬ್ಯಾಡ್ರಿ, ಮೊದಲ ಬಿಡಸ್ರಿ.

ಜಗಳ ಕಡಿಮಿ ಮಾಡೂದ ಎಲ್ಲಾ ಅಲ್ಲ ಅನ್ನೂದು ನನ್ನ ಅಭಿಪ್ರಾಯ. ಜಗಳ ಇಲ್ಲದ ಅಣ್ಣತಮ್ಮರು ಮಾತೂ ಇಲ್ಲದಂಗ ಬೆಳೀಬಹುದು. ಇಬ್ಬರೂ ಕೂಡಿ ನಗೋ ಹೊತ್ತು ದಿನಕ್ಕ ಎಷ್ಟದ ಅನ್ನೂದನ್ನ ನೋಡ್ರಿ. ಗಾಳಿಪಟ, ಗೋಲಿ, ಒಂದ ತಂಡದಾಗ ಇಬ್ಬರೂ ಆಡೋ ಕ್ರಿಕೆಟ್, ಏನರ ಇರ್ಲಿ, ಒಬ್ಬರ ವಿರುದ್ಧ ಇನ್ನೊಬ್ಬರು ಆಡೋ ಆಟಕ್ಕಿಂತ ಇಬ್ಬರೂ ಒಂದ ಕಡೆ ಇರೋ ಆಟ ಹುಡುಕ್ರಿ. "ಅಣ್ಣನ್ನ ನೋಡಿ ಕಲಿ" ಅನ್ನೂದನ್ನ ಬಿಡ್ರಿ, ಅದರಿಂದ ಯಾರೂ ಏನೂ ಕಲಿಯಂಗಿಲ್ಲ, ಅಣ್ಣನ ಮ್ಯಾಲೆ ಸಿಟ್ಟ ಮಾತ್ರ ಬರ್ತದ.

ಹುಬ್ಬಳ್ಳಿ ತಾಯಿಯವರಿಗೂ ಒಂದ ಹೇಳ್ತೀನಿ. ಹೊಟ್ಟಿಕಿಚ್ಚು ನಿಮ್ಮ ಮಗಗ ಮಾತ್ರ ಅಂತ ತಿಳೀಬ್ಯಾಡ್ರಿ. ಅಮೆರಿಕಾದಾಗ ಸಿಬಿಲ್ ಹಾರ್ಟ್ ಅವರು ಆರು ತಿಂಗಳ ಕೂಸುಗಳ ಮುಂದ ತಾಯಿಗೆ ಖರೇ ಕೂಸಿನಂಗ ಇರೋ ಗೊಂಬಿ ಕೊಟ್ಟು ಮುದ್ದು ಮಾಡಸಿದ್ರು. ತಾಯಿ ಪುಸ್ತಕ ಓದಿದಾಗಿಂತ ಗೊಂಬಿ ಮುದ್ದು ಮಾಡಿದಾಗ ಕೂಸುಗಳಿಗೆ ಹೆಚ್ಚು ಸಂಕಟ ಆತು. ಅಂದ್ರ ನಿಮ್ಮ ಸಣ್ಣಾಕಿನೂ ಇನ್ನ ಸ್ವಲ್ಪ ದಿನಕ್ಕ ನೀವು ಅಣ್ಣನ್ನ ಎತ್ಕೊಂಡ್ರ ಚೀರ್ತಾಳ. ಆವಾಗ ಅವಗ ಹೇಳ್ರಿ, "ನೋಡು, ಆಕಿಗೂ ನಿನ್ನಂಗ ಆಗ್ಲಿಕ್ಕತ್ತದ" ಅಂತ.

ಹುಬ್ಬಳ್ಳಿ_ಅವ್ವ:

ಎಲ್ಲಾರಿಗೂ ಭಾಳ ಉಪಕಾರ ಆತು ರೀ. ಬ್ಯಾಡಗಿ ಅಕ್ಕಾರ, ನಿಮ್ಮದ ಓದಿ ಕಣ್ಣಾಗ ನೀರ ಬಂತು. ಮನೆಯವರಿಗೆ ಓದಿಸಿದೆ, ಐತವಾರ ಮಗನ್ನ ಚಿಗರಿ ಬಸ್ಸಿನ್ಯಾಗ ಕರಕೊಂಡ ಹೋಗಿದ್ರು. ಬಂದು "ಬಸ್ಸಿನ ಬಾಗಲಾ ತಾವ ತಗೀತಾವ" ಅಂತ ಸಂಜಿಮಟಾ ಅದ ಮಾತು, ತಂಗಿಗೂ ಹೇಳ್ದ, ಆಕಿ ನಕ್ಳು, ಮತ್ತ ಮತ್ತ ಹೇಳ್ದ. ಚೂಟೂದು ನಿಂತಿಲ್ಲ, ನಿನ್ನೇನೂ ಚೂಟ್ಯಾನ. ಆದ್ರ ಒಮ್ಮೆ ಕೈ ಮುಂದ ಮಾಡಿ ನನ್ನ ಕರದು "ಅವ್ವಾ, ನಂಗ ಸಿಟ್ಟ ಬಂದೈತಿ" ಅಂದ. ಮಗ್ಗಲಮನಿ ಅಕ್ಕಾರಿಗೂ ಹೇಳಿದೆ, ಮಾರಿ ಸಣ್ಣದ ಮಾಡಿದ್ರು, ಆದ್ರ ಈಗ ಹಂಗ ಅನ್ನಂಗಿಲ್ಲ.

ಇನ್ನೊಂದ ಕೇಳೂದಿತ್ತು. ಇಷ್ಟ ದಿನ ಅವಾ ನನ್ನ ಮಗ್ಗಲಕ್ಕ ಮಲಗ್ತಿದ್ದ. ಈಗ ಅತ್ತಿಯವರು ಅವನ್ನ ತಮ್ಮ ಖೋಲ್ಯಾಗ ಮಲಗಸ್ಕೊಂತೀನಿ ಅಂತಾರ, ನನಗ ನಿದ್ದಿ ಆಗ್ಲಿ ಅಂತ ಒಳ್ಳೇ ಮನಸಿಲೆ ಹೇಳ್ತಾರ. ಕಳಸಲೇನು? ಹಾಸಿಗಿ ಹಸಿ ಆಗೂದಕ್ಕ ಏನ ಮಾಡೂದು?

ಗದಗ_ಅಂಗನವಾಡಿ_ಟೀಚರ್:

ಈಗ ಬ್ಯಾಡ್ರಿ ಅವ್ವಾರ. ಕೂಸು ಬಂದದ್ದಕ್ಕ ನನ್ನ ಹೊರಗ ಹಾಕಿದ್ರು ಅಂತ ಆಗ್ತೈತಿ ಅವಗ. ಅತ್ತಿಯವರಿಗೆ ಅವನ್ನ ಸಂಜಿಮುಂದ ಕೊಡ್ರಿ, ಕಥಿ ಹೇಳ್ಲಿ, ಊಟ ಮಾಡಸ್ಲಿ, ನಿದ್ದಿ ಹತ್ತೋ ಮುಂದ ನಿಮ್ಮ ಹಂತೇಕ ಬರ್ಲಿ. ತಾನ "ಆಯಿ ಕಡೆ ಮಲಗ್ತೀನಿ" ಅಂದ ದಿನ ಕಳಸ್ರಿ. ಅಂಗನವಾಡಿಗೋ ನರ್ಸರಿಗೋ ಹೊಸದಾಗಿ ಹಚ್ಚೂದಿದ್ರೂ ಒಂದೆರಡ ತಿಂಗಳ ತಡದು ಹಚ್ರಿ, ಎಲ್ಲಾ ಬದಲಾವಣಿ ಒಮ್ಮೆಲೆ ಬ್ಯಾಡ.

ಮಲಗೋ ಮುಂದ ಕೂಸು ತೊಟ್ಟಲದಾಗೋ ಬ್ಯಾರೆ ಹಾಸಿಗಿ ಮ್ಯಾಲೋ ನಿಮ್ಮ ಒಂದ ಮಗ್ಗಲಕ್ಕ, ಅವಾ ಇನ್ನೊಂದ ಮಗ್ಗಲಕ್ಕ. ಇಬ್ಬರನ್ನ ಒಬ್ಬರ ಹಂತೇಕ ಒಬ್ಬರನ್ನ ಮಲಗಸಬ್ಯಾಡ್ರಿ, ನಿದ್ದ್ಯಾಗ ಅವನ ಕಾಲು ಕೂಸಿನ ಮ್ಯಾಲೆ ಬಿದ್ರ ಅವಗೂ ಗೊತ್ತಾಗಂಗಿಲ್ಲ. ಹಾಸಿಗಿ ಹಸಿ ಆದ್ರ ಬೈಬ್ಯಾಡ್ರಿ, ಮಂದಿ ಮುಂದ ಹೇಳಬ್ಯಾಡ್ರಿ, ಹಾಸಿಗಿ ತಳಕ್ಕ ಪ್ಲಾಸ್ಟಿಕ್ ಹಾಕ್ರಿ, ಮಲಗೋಕಿಂತ ಮೊದಲ ಬಚ್ಚಲಕ್ಕ ಕರಕೊಂಡ ಹೋಗ್ರಿ, ತಾನ ನಿಲ್ತೈತಿ. ಆದ್ರ ಹೊಯ್ಯೋ ಮುಂದ ಉರಿ ಅಂದ್ರ, ಜ್ವರ ಬಂದ್ರ, ಹಗಲೂ ಮ್ಯಾಲಿಂದ ಮ್ಯಾಲೆ ಹೋಗಾಕತ್ರ ಮಕ್ಕಳ ಡಾಕ್ಟರ್ ಹಂ‌ತೇಕ ಮೂತ್ರ ತಪಾಸಣಿ ಮಾಡಸ್ರಿ, ಎಲ್ಲಾನೂ ತಂಗಿ ಮ್ಯಾಲಿನ ಸಿಟ್ಟಿಗೆ ಹಾಕಿ ಬಿಡಬ್ಯಾಡ್ರಿ.

ಧಾರವಾಡದಾಕಿ:

ಟೀಚರ್ ಹೇಳಿದ್ದಕ್ಕ ಇಷ್ಟ ಕೂಡಿಸ್ತೀನಿ. ಇನ್ನೂ ಕೆಲವು ತಿಂಗಳು ಹೋದ್ರೂ ಚೂಟೂದು ಜೋರಾಗ್ತಾ ಹೋದ್ರ, ಊಟ ನಿದ್ದಿ ಬಿಟ್ರ, ಆಟ ಬಿಟ್ಟು ಮೂಲ್ಯಾಗ ಕೂಡ್ಲಿಕ್ಕತ್ರ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಮ್ಮೆ ಕರಕೊಂಡ ಬರ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡಿದ್ರ ಕನ್ನಡದಾಗನ ಮಾತಾಡ್ತಾರ, ರೊಕ್ಕ ಇಲ್ಲ. ನಿಮಗೂ ರಾತ್ರಿ ಸುಮ್ನ ಅಳು ಬರೂದು, ಯಾವದೂ ಬ್ಯಾಡ ಅನಸೂದು ಇದ್ರ ಅದಕ್ಕೂ ಅದ ನಂಬರ್ ನಡೀತದ, ಬಾಣಂತನದ ವರ್ಷದಾಗ ತಾಯಂದಿರಿಗೆ ಹಂಗ ಆಗ್ತಿರ್ತದ. ಮನೆಯವರಿಗೆ ಮುಂದಿನ ಐತವಾರದ ಬಸ್ಸೂ ಈಗ್ಲೇ ಹೇಳಿ ಇಡ್ರಿ.